ಬಲಕ್ಕೆ ಮೂರು ಪೆಟ್ಟು

ಮಾವನ ಎದುರು ನಿಂತು ‘ಹಾಗಲ್ಲ’ ಎನ್ನಬಲ್ಲ ಅಳಿಯಂದಿರು ಇದ್ದಾರೆಂದು ಕೇಳಿದ್ದೇನೆ. ನಾನು ಆ ಪೈಕಿಯವನಲ್ಲ. ಮದುವೆಯಾಗಿ ಹದಿನೆಂಟು ವರ್ಷಗಳಲ್ಲಿ ನಾನು ಮಾವನಿಗೆ ಆಡಿದ ಅತ್ಯಂತ ಕಠಿಣ ಮಾತು ‘ಪಾಯಸ ಸಾಕು’ ಎಂಬುದು. ಅದನ್ನೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಇದರಲ್ಲಿ ಅವರ ಪಾಲೂ ಇದೆ. ಅರಂತೋಡಿನ ಮನೆಯಲ್ಲಿ ಎಲ್ಲರನ್ನೂ ಮನೆಮಾತಾದ ಅರೆಭಾಷೆಯಲ್ಲಿ ಗದರುವ ಮಾವ, ಪುತ್ತೂರಿನಿಂದ ಬರುವ ನನ್ನೊಡನೆ ಮಾತ್ರ ಕನ್ನಡದಲ್ಲಿ, ಬಹುವಚನದಲ್ಲಿ ಮಾತಾಡುತ್ತಾರೆ. ಅಷ್ಟು ಮರ್ಯಾದೆ ಕೊಡುವವರನ್ನು ತಿದ್ದುವುದು ಸುಲಭವಲ್ಲ. ಈ ಅಭ್ಯಾಸ ಕಳೆದ ತಿಂಗಳು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ನಾನು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಒಂದು ಹಂತವನ್ನೂ ಬಿಡುವುದಿಲ್ಲ.

ಹೆಂಡತಿಯ ತಮ್ಮ ದಿವಾಕರನ ಹತ್ತಿರ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದಿದೆ. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಮುಚ್ಚಿಗೆ ಇಲ್ಲ. ಮಡಿಕೇರಿ ಕಡೆಯ ತೋಟವೊಂದರ ಶೆಡ್ಡಿನಲ್ಲಿ ಕೋಳಿಗಳು ವಾಸವಾಗಿದ್ದ ಅದನ್ನು ತಂದು ನಾಲ್ಕು ವರ್ಷ ರಿಪೇರಿ ಮಾಡಿದ. ಕೊನೆಗೆ ಮಾಮೂಲಿ ಚಕ್ರ ತೆಗೆದು, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರಗಳನ್ನು ಇಂಗ್ಲೆಂಡಿನಿಂದ ತರಿಸಿದ. ಇವುಗಳಿಗೆ ನಾಲ್ಕೈದು ನಟ್ಟುಗಳಿಲ್ಲ. ನಡುವೆ ಎರಡು ಕಿವಿಗಳಿರುವ ಒಂದೇ ದೊಡ್ಡ ನಟ್ಟು. ಅದನ್ನು ತಿರುಗಿಸಿ, ಕಿವಿಗೆ ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿ ಮಾಡುವುದು. ಕಾರಿನ ಎಡಬದಿಯ ನಟ್ಟು ಬಲಕ್ಕೆ ತಿರುಗಿಸಿದರೆ ಬಿಗಿ. ಬಲಬದಿಯದ್ದು ಎಡಕ್ಕೆ ತಿರುಗಿಸಿದರೆ ಬಿಗಿ. ದಿವಾಕರ ಇದನ್ನು ನನಗೆ ಎರಡು ಸಲ ವಿವರಿಸಿದ್ದ. ಆದ್ದರಿಂದ ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ನಾಲ್ಕೂ ಚಕ್ರ ಬಿಗಿಯಾದ ಮೇಲೆ ಮಾವನ ಮನೆಯ ಅಂಗಳದಲ್ಲಿ ಪೂಜೆ. ದಿವಾಕರ ತೆಂಗಿನಕಾಯಿ ತರಲು ಒಳಗೆ ಹೋದ. ಮಾವ ಸುತ್ತಿಗೆ ಎತ್ತಿಕೊಂಡು ಬಲಬದಿಯ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತರು.

“ಹಿರಿಯರದ್ದೊಂದು ಪೆಟ್ಟು ಬೀಳ್ಬೇಕು ಅಳಿಯಂದಿರೇ. ಇದನ್ನು ಇವ ಯಾವ ಕಡೆಗೆ ತಿರುಗಿಸಿದ್ದು?”

“ಎಡಕ್ಕೆ, ಮಾವ.”

“ಎಡಕ್ಕಾ! ಎಡಕ್ಕೆ ಸುತ್ತು ಬರುದು ಸಾವಿನ ಮನೆಯಲ್ಲಿ. ಇವನ ಮಂಡೆ ಸರಿ ಉಂಟಾ? ನೋಡಿ, ನಟ್ಟಿನ ಮೇಲೆ ಬಾಣವೇ ಉಂಟಲ್ಲ, ಬಲಕ್ಕೆ. ಇಂಗ್ಲಿಷಿನವರಿಗೂ ಗೊತ್ತುಂಟು.”

“ಆಚೆ ಬದಿಯ ಬಾಣ ಎಡಕ್ಕೆ ಉಂಟು, ಮಾವ.” ನಾನು ಇಷ್ಟು ಪ್ರತಿಭಟಿಸಿದೆ.

“ಅದು ಅಚ್ಚು ಹಾಕುವಾಗ ತಪ್ಪಿದ್ದು. ಇಲ್ಲಿ ಕೆಳಗೆ ಎಂತ ಬರ್ದದ್ದು? ನನ್ನ ಕನ್ನಡಕ ಒಳಗುಂಟು.”

ಬಾಣದ ಕೆಳಗೆ ‘ಬಿಚ್ಚು’ ಎಂಬುದಾಗಿ ಇಂಗ್ಲಿಷಿನಲ್ಲಿ ಬರೆದಿತ್ತು. “ಇಂಗ್ಲಿಷಿನಲ್ಲಿ ಉಂಟು, ಮಾವ” ಎಂದೆ. ಇದು ಸುಳ್ಳಲ್ಲ.

ಮಾವ ಬಲಕ್ಕೆ ಮೂರು ಪೆಟ್ಟು ಹಾಕಿದರು. ಬಳಿಕ ದೇವರಿಗೆ ಸುತ್ತು ಬರುವಂತೆ ನಟ್ಟನ್ನು ಕೈಯಲ್ಲೇ ಮೂರು ಸುತ್ತು ತಿರುಗಿಸಿ, “ಕಂಡಿರಾ, ಈಗ ಎಷ್ಟು ನಯ!” ಎಂದರು.

ದಿವಾಕರ ಬಂದ. ಕಾಯಿ ಒಡೆಯಿತು. ಮಾವ ನನ್ನ ಪಕ್ಕ ಬಿಟ್ಟು ಕದಲಲಿಲ್ಲ. “ಮೊದಲು ಅಳಿಯಂದಿರು ಕೂರ್ಲಿ” ಎಂದರು. ನಾನು ಹೆಂಡತಿಯ ಮುಖ ನೋಡಿದೆ. “ಎಂತ ನಾಚಿಕೆ, ಹೋಗಿ ಕೂತ್ಕೊಳ್ಳಿ” ಎಂದಳು. ಕೂತೆ.

ಕಾರು ಅಂಗಳದಿಂದ ಹಿಮ್ಮುಖವಾಗಿ ಇಳಿದು ರಸ್ತೆಗೆ ತಿರುಗಿತು. “ದಿವಾಕರ, ಒಂದು ವಿಷಯ ಉಂಟು” ಎಂದೆ.

“ಹೇಳಿ ಭಾವ.”

ಹಿರಿಯರ ಮೇಲೆ ಏಕಾಏಕಿ ದೂರು ಹೇಳುವುದು ಸರಿಯಲ್ಲ, ಹಿನ್ನೆಲೆ ಬೇಕು. “ನೀನು ಕಾಯಿ ತರ್ಲಿಕ್ಕೆ ಒಳಗೆ ಹೋದಿಯಲ್ಲ, ಆಗ ಮಾವ ಸುತ್ತಿಗೆ ತೆಗೊಂಡ್ರು. ಬಲಬದಿಯದ್ದು. ಮುಂದಿನದ್ದು. ಅದಕ್ಕೆ ಮೊದಲ ಪೆಟ್ಟು...” ಎರಡನೆಯ ಪೆಟ್ಟಿಗೆ ಬರುವಾಗ ಕಾರು ದಿವಾಕರನ ಕಡೆಗೆ ವಾಲಿತು. ಅಡಿಯಲ್ಲಿ ಡಾಮರು ಕೆರೆಯುವ ಸದ್ದು. ಚಕ್ರ ನಮ್ಮನ್ನು ಬಿಟ್ಟು ಮುಂದೆ ಹೋಗಿ, ರಸ್ತೆ ದಾಟಿ, ಗೂಡಂಗಡಿಯ ಬೆಂಚಿಗೆ ಒರಗಿ ನಿಂತಿತು. ಬೆಂಚಿನಲ್ಲಿದ್ದ ಮೂವರು ಸ್ವಲ್ಪ ಸರಿದು ಕೂತರು.

ಯಾರಿಗೂ ಏನೂ ಆಗಲಿಲ್ಲ. ಮಾವ ಸುತ್ತಿಗೆ ಸಮೇತ ಓಡಿ ಬಂದರು. ಮುಖ ಬಿಳಿಚಿತ್ತು. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ಮಗನ ಭುಜ ಮುಟ್ಟಿ ನೋಡಿದರು, ಬಳಿಕ ನನ್ನ ಭುಜ. ಆಮೇಲೆ ಮೆಲ್ಲನೆ ಕೇಳಿದರು: “ನಾನು ಸರಿಯಾಗಿ ಬಲಕ್ಕೆ ಹಾಕಿದ್ದೆ. ಮತ್ತೆ ಯಾರಾದ್ರೂ ಎಡಕ್ಕೆ ತಿರುಗಿಸಿದ್ರಾ? ಅಳಿಯಂದಿರೇ, ನೀವಾ?”

ಅವರ ಕೈ ಇನ್ನೂ ನನ್ನ ಭುಜದ ಮೇಲೆಯೇ ಇತ್ತು. “ಹೌದು ಮಾವ. ತಪ್ಪಾಯ್ತು.”

“ಬಿಡಿ, ಮೇಷ್ಟ್ರಿಗೆ ಇದೆಲ್ಲ ಗೊತ್ತಿರ್ಲಿಕ್ಕಿಲ್ಲ” ಎಂದು ಅವರು ಉಸಿರು ಬಿಟ್ಟರು.

ಬೆಂಚಿನವರು ಕಾರಿನ ಮೂಲೆ ಎತ್ತಿ ಹಿಡಿದರು. ದಿವಾಕರ ಚರಂಡಿಯಿಂದ ನಟ್ಟು ಹೆಕ್ಕಿ, ಚಕ್ರ ತೂರಿಸಿ, ನನ್ನಿಂದ ಸುತ್ತಿಗೆ ತೆಗೆದುಕೊಂಡು ಎಡಕ್ಕೆ ಬಡಿದು ಬಿಗಿ ಮಾಡಿ, ಸುತ್ತಿಗೆಯನ್ನು ನನಗೇ ಮರಳಿಸಿದ. ಮಾವ ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಬಳಿಕ ಪಂಚೆ ಎತ್ತಿ ಕಟ್ಟಿ ಕೈ ಚಾಚಿದರು. “ಇಲ್ಲಿ ಕೊಡಿ. ಈ ಸಲ ನಾನು ಹಾಕಿದ ಮೇಲೆ ಯಾರೂ ಮುಟ್ಬಾರ್ದು.”

ದಿವಾಕರ ನನ್ನನ್ನೇ ನೋಡುತ್ತಿದ್ದ. ಅವನೂ ಬಾಯಿ ಬಿಡಲಿಲ್ಲ, ಮಗನಲ್ಲವೇ. ಸತ್ಯ ಹೇಳಲು ನನಗೆ ಆಗ ಸಾಕಷ್ಟು ಸಮಯವಿತ್ತು. ನಾನು ಸುತ್ತಿಗೆಯನ್ನು ಎರಡೂ ಕೈಗಳಲ್ಲಿ ಹಿಡಿದು ಮಾವನಿಗೆ ಕೊಟ್ಟೆ. ಆಮೇಲೆ ಬೆಂಚಿನ ಬಳಿಗೆ ಹೋಗಿ, ಪುತ್ತೂರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಉಂಟೆಂದು ವಿಚಾರಿಸಿದೆ.