ಶಿವಲಿಂಗಮ್ಮನ ಕುಂಟು ಮೇಜು

ಅತ್ತಿಕಟ್ಟೆದೊಡ್ಡಿ ಉಪಕೇಂದ್ರದ ಮೇಜಿಗೆ ಒಂದು ಕಾಲು ಗಿಡ್ಡ. ಆದರೂ ಮೂರು ತಿಂಗಳಿಂದ ಅದು ಅಲ್ಲಾಡಿಲ್ಲ. ಪಕ್ಕದ ಬಿಳಿಕಲ್ಲುಪಾಳ್ಯದ ನರ್ಸ್ ತಸ್ಲೀಮಾ ತಿಂಗಳಿಗೊಂದು ಲಕೋಟೆ ಕಳಿಸುತ್ತಾಳೆ. ಇಲ್ಲಿನ ನರ್ಸಮ್ಮ ಶಿವಲಿಂಗಮ್ಮ ಅದನ್ನು ಒಡೆಯದೆ ನಾಲ್ಕು ಮಡಿಕೆ ಮಾಡಿ ಆ ಕಾಲಿನಡಿ ತುರುಕುತ್ತಾಳೆ.

"ಒಸಿ ಓದಿ ನೋಡ್ಬಾರ್ದಾ ಅಕ್ಕಾ?" ಎಂದಳು ಆಶಾ ಕಾರ್ಯಕರ್ತೆ ಬೈರಮ್ಮ, ಇವತ್ತೂ.

"ಓದೋದೇನೈತೆ? ನಂಗೆ ಶಾಲು ಹೊದ್ಸುದ್ರು, ನಿಂಗೆ ಹೊದ್ಸಿಲ್ಲ ಅಂತ ಬರ್ದಿರ್ತಾಳೆ."

ಶಾಲಿನ ಉರಿ ಅದು. ನಾಲ್ಕು ತಿಂಗಳ ಹಿಂದೆ, ಉಪಕೇಂದ್ರಗಳ ಕೆಲಸದ ಗುಣಮಟ್ಟ ನೋಡಲು ಬರುವ ಡಾಕ್ಟರ್ ದಿವ್ಯ, ನೂರಕ್ಕೆ ಎಂಬತ್ತೆಂಟು ಮಕ್ಕಳಿಗೆ ಲಸಿಕೆ ಹಾಕಿದ್ದಾಳೆಂದು ತಸ್ಲೀಮಾಳಿಗೆ ಶಾಲು ಹೊದಿಸಿ, ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ತಸ್ಲೀಮಾಳದು ಆರು ವರ್ಷದ ಸರ್ವೀಸು, ಶಿವಲಿಂಗಮ್ಮನದು ಇಪ್ಪತ್ತೆರಡು. ಅಂದೇ ಶಿವಲಿಂಗಮ್ಮ ಅವಳ ನಂಬರನ್ನು ಬ್ಲಾಕ್ ಮಾಡಿದಳು. ಆಮೇಲೇ ಲಕೋಟೆ ಶುರುವಾಗಿದ್ದು.

ಶಿವಲಿಂಗಮ್ಮನ ರಿಜಿಸ್ಟರಿನಲ್ಲಿ ಮೂವತ್ತೆರಡು ಮಕ್ಕಳು, ಲಸಿಕೆಯಾದದ್ದು ಇಪ್ಪತ್ತಮೂರಕ್ಕೆ. ಕಳೆದ ಭೇಟಿಯಲ್ಲಿ ದಿವ್ಯ ಮೆತ್ತಗೆ ಹೇಳಿದ್ದರು: "ಮುಂದಿನ ಸಲ ಎಂಬತ್ತು ಪರ್ಸೆಂಟ್ ಆಗದಿದ್ರೂ ಬೇಜಾರಿಲ್ಲ ಸಿಸ್ಟರ್. ಆಗ ಪ್ರತಿ ಶುಕ್ರವಾರ ತಸ್ಲೀಮಾ ಬಂದು ನಿಮಗೆ ಹೇಳಿಕೊಡ್ತಾರೆ."

ಪಾಯಸದಲ್ಲಿ ಕಲ್ಲು ಕಡಿದ ಹಾಗಾಗಿತ್ತು.

ಇವತ್ತು ಹನ್ನೊಂದಕ್ಕೆ ದಿವ್ಯ ಬರುತ್ತಾರೆ. ಉಳಿದ ಒಂಬತ್ತರಲ್ಲಿ ಆರು ಕೂಸುಗಳು ಇರುವುದು ಬಿಳಿಕಲ್ಲುಪಾಳ್ಯದಲ್ಲಿ, ತಾಯಂದಿರ ತವರಿನಲ್ಲಿ.

"ಇವತ್ತು ಗುರುವಾರ, ಸೂಜಿ ದಿನ. ಅವ್ಳು ಸೂಜಿ ಎತ್ತೋದ್ರೊಳ್ಗೆ ನಮ್ ಮಕ್ಳನ್ನ ಎತ್ಕೊಂಡ್ ಬರ್ಬೇಕು ಕಣೆ," ಎಂದು ಶಿವಲಿಂಗಮ್ಮ ಹೊರಟೇಬಿಟ್ಟಳು. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಇಳಿಸಿ ಖಾಲಿ ಬರುತ್ತಿದ್ದ ಮುಕ್ತಿಯಾರನ ಗೂಡ್ಸ್ ಆಟೋ ಸಿಕ್ಕಿತು.

ಮೊದಲ ಮನೆಯ ಅಜ್ಜಿಯೇ ತಡೆದಳು. "ನಮ್ ಕೂಸ್ಗೆ ಆಗ್ಲೇ ಸೂಜಿ ಆಯ್ತಲ್ಲ ನರ್ಸಮ್ಮ?"

ಇಪ್ಪತ್ತೆರಡು ವರ್ಷದಿಂದ, ಸೂಜಿಗೆ ಹೆದರಿ ಹಿತ್ತಿಲಲ್ಲಿ ಅವಿತವರೆಲ್ಲ ಹೇಳಿದ್ದು ಇದನ್ನೇ. "ಕಾರ್ಡ್ ತಗೊಂಡು ಸುಮ್ನೆ ಹತ್ತಜ್ಜಿ. ದೊಡ್ಡ ಡಾಕ್ಟ್ರು ಬತ್ತಾವ್ರೆ, ಕೂಸನ್ನ ನೋಡ್ತಾರೆ."

"ಬತ್ತೀವಿ. ಆದ್ರೆ ಒಳ್ಳೇ ದಿನ ನೋಡ್ದೆ, ಮಡ್ಲು ತುಂಬ್ದೆ, ನಮ್ ಬಾಣಂತಿ ಗಂಡನ್ ಊರಿನ್ ಮಣ್ಣು ತುಳಿಯಾಕಿಲ್ಲ."

"ತುಳೀಬ್ಯಾಡಿ ಬುಡಿ. ಆಟೋದಾಗೇ ಕುಂತಿರಿ!"

ಆರು ಬಾಣಂತಿಯರು, ಆರು ಅಜ್ಜಿಯರು, ಆರು ಕೂಸುಗಳು. ಆಟೋ ಊರು ಮುಟ್ಟುವಾಗ ಕೋಳಿಮರಿ ಪುಟ್ಟಿಯಂತೆ ಚಿಂವ್ ಚಿಂವ್ ಅನ್ನುತ್ತಿತ್ತು. ಸದ್ದಿಗೆ ಅತ್ತೆಯರೆಲ್ಲ ಓಡಿ ಬಂದರು.

"ಅಯ್ಯೋ! ಐದ್ ತಿಂಗ್ಳು ತುಂಬೋದ್ರೊಳ್ಗೆ ಸೊಸೇನ ಸಾಮಾನಿನಂಗೆ ತಂದ್ಬುಟ್ರಲ್ಲ! ಎಲ್ಲಿ ತೊಟ್ಲು, ಎಲ್ಲಿ ಉಡ್ದಾರ?"

"ನಾವೆಲ್ ಬಂದಿದ್ದೀವಿ ಬೀಗ್ತಿ? ಆಟೋದಾಗೆ ಕುಂತಿದ್ದೀವಿ. ನೆಲಕ್ಕೆ ಕಾಲಿಟ್ಟಿದ್ರೆ ಕೇಳು!"

"ಯಾರಾದ್ರೂ ಇಳೀರಮ್ಮಾ," ಎಂದು ಮುಕ್ತಿಯಾರ್ ಕೈಮುಗಿದ. "ಬಿಡದಿಗೆ ಲೋಡ್ ಐತೆ."

ಈ ಗದ್ದಲದ ನಡುವೆ ದಿವ್ಯ ಜೀಪಿನಿಂದಿಳಿದರು. ಯಾರೂ ಕೆಳಗಿಳಿಯದ್ದರಿಂದ ಅವರೇ ಸೆರಗು ಸಿಕ್ಕಿಸಿ ಆಟೋ ಹತ್ತಿದರು. ಶಿವಲಿಂಗಮ್ಮ ಸೂಜಿ ಹಿಡಿದು ಹಿಂದೆಯೇ ನಿಂತಳು. ಕಾರ್ಡುಗಳನ್ನು ಒಂದೊಂದಾಗಿ ನೋಡಿ ದಿವ್ಯ ನಕ್ಕರು.

"ಸೂಜಿ ಒಳಗಿಡಿ ಸಿಸ್ಟರ್. ಆರಕ್ಕೆ ಆರೂ ಮಕ್ಕಳಿಗೆ ಆಗಿದೆ. ತಸ್ಲೀಮಾ ಸಹಿ ಇದೆ."

"ಬೆಳಗ್ಗಿಂದ ಅದ್ನೇ ಬಡ್ಕೋತಿದ್ದೀನಿ!" ಎಂದಳು ಅಜ್ಜಿ.

ಶಿವಲಿಂಗಮ್ಮನ ಮುಖ ಇಳಿಯಿತು. ಆದರೆ ದಿವ್ಯ ಆಗಲೇ ಬೆರಳು ಮಡಿಚುತ್ತಿದ್ದರು. "ಮಕ್ಕಳು ನಿಮ್ಮೂರಿನವರು, ನಿಮ್ಮ ಪಟ್ಟಿಗೇ ಸೇರ್ತಾರೆ. ಇಪ್ಪತ್ತೊಂಬತ್ತಾಯ್ತು. ಅಂದ್ರೆ ತೊಂಬತ್ತು ಪರ್ಸೆಂಟ್ ದಾಟ್ತು!"

ತೊಂಬತ್ತು! ತಸ್ಲೀಮಾಳದು ಎಂಬತ್ತೆಂಟು! ಆ ಮುಖ ಈಗ ಎಣ್ಣೆಗೆ ಬಿದ್ದ ಹಪ್ಪಳದಂತೆ ಅರಳಿತು. ಡಾಕ್ಟರ ಚೀಲದಿಂದ ಇಣುಕುತ್ತಿದ್ದ ಶಾಲಿನ ಜರಿಯಂಚೂ ಕಣ್ಣಿಗೆ ಬಿತ್ತು.

ದಿವ್ಯ ಒಳಗೆ ಬಂದು ಮೇಜಿನ ಮುಂದೆ ಕೂತರು. ಬೈರಮ್ಮ ಟೀ ಇಟ್ಟಳು.

"ಇದು ನಿಮ್ಮ ರಿಜಿಸ್ಟರಿನಲ್ಲಿ ಯಾಕಿಲ್ಲ ಸಿಸ್ಟರ್? ಪ್ರತಿ ತಿಂಗಳು ಹೆಸರು, ತಾರೀಖು ಬರೆದು ಕಳಿಸ್ತೀನಿ ಅಂದಿದ್ರಲ್ಲ ತಸ್ಲೀಮಾ?"

"ಯಾವ ಕಾಗ್ದಾನೂ ಬಂದಿಲ್ಲ ಮೇಡಂ."

"ಇಲ್ಲೇ ಅವಲ್ಲಕ್ಕಾ!" ಎಂದ ಬೈರಮ್ಮ ನೆರವಾದೆನೆಂಬ ಸಂತೋಷದಲ್ಲಿ ಬಗ್ಗಿ, ಮೇಜಿನಡಿಯಿಂದ ಮೂರೂ ಲಕೋಟೆಗಳನ್ನು ಎಳೆದಳು.

ಮೇಜು ವಾಲಿತು. ಟೀ ರಿಜಿಸ್ಟರ್ ದಾಟಿ ಡಾಕ್ಟರ ಮಡಿಲಿಗಿಳಿಯಿತು. ಅಂಟು ಬಿಡದ ಲಕೋಟೆಗಳನ್ನು ದಿವ್ಯ ಒಂದೊಂದಾಗಿ ಒಡೆದರು. ಹೆಸರು, ತಾರೀಖು, ಪ್ರತಿ ಹಾಳೆಯ ಕೊನೆಗೆ ಒಂದೇ ಸಾಲು: "ಅಕ್ಕಾ, ಇವರು ನಿಮ್ಮ ಮಕ್ಕಳು. ನಿಮ್ಮ ಪಟ್ಟಿಗೇ ಬರೆದುಕೊಳ್ಳಿ."

ದಿವ್ಯ ಶಾಲನ್ನು ಚೀಲದೊಳಕ್ಕೆ ಒತ್ತಿದರು. "ಇದು ಬಿಳಿಕಲ್ಲುಪಾಳ್ಯಕ್ಕೇ ಹೋಗಲಿ. ಎಂಬತ್ತು ದಾಟಿದ್ದೀರಿ ಸಿಸ್ಟರ್, ತಸ್ಲೀಮಾ ಇಲ್ಲಿಗೆ ಬರೋದು ಬೇಡ."

ಶಿವಲಿಂಗಮ್ಮ ಉಸಿರು ಬಿಟ್ಟಳು.

"ಪ್ರತಿ ಶುಕ್ರವಾರ ನೀವೇ ಅಲ್ಲಿಗೆ ಹೋಗಿ ಪಟ್ಟಿ ತಾಳೆ ನೋಡಿ."

ಮಾರನೆಯ ದಿನವೇ ಶುಕ್ರವಾರ. ತಸ್ಲೀಮಾ ಲಕೋಟೆಗಳ ಮಾತೇ ಎತ್ತಲಿಲ್ಲ. ಟೀ ಕೊಟ್ಟಳು, ಪಟ್ಟಿ ಓದಿದಳು, ಹೊರಡುವಾಗ ಕೆಂಪು ಅರಗು ಮೆತ್ತಿದ ಪುಟ್ಟ ಮರದ ಬಿಲ್ಲೆಯೊಂದನ್ನು ಕೈಗಿಟ್ಟಳು. "ನಮ್ಮನೆಯವ್ರು ಚನ್ನಪಟ್ಣದಲ್ಲಿ ಗೊಂಬೆ ಮಾಡ್ತಾರಲ್ಲಕ್ಕಾ. ಮೇಡಂ ಹೇಳಿದ್ದಕ್ಕೆ ನಿಮ್ ಮೇಜಿನ ಕಾಲಿಗೆ ಅಂತ ರಾತ್ರಿನೇ ಮಾಡ್ಕೊಟ್ರು."

ಬಿಲ್ಲೆ ಅಳತೆ ತೆಗೆದಂತೆ ಕೂತಿತು. ಮೇಜು ಕೂದಲೆಳೆಯಷ್ಟೂ ಕದಲಲಿಲ್ಲ. ಶಿವಲಿಂಗಮ್ಮ ಅದನ್ನು ಎರಡು ಸಲ ಅಲ್ಲಾಡಿಸಿ ನೋಡಿ ಹಲ್ಲು ಕಡಿದಳು.

"ನೋಡ್ದೇನೆ ಬೈರಿ? ಗಂಡನ್ನೂ ಎಂಥಾ ಕೆಲ್ಸಗಾರನ್ನ ಹುಡ್ಕವ್ಳೆ!"