ನೂರು ಕಿಲೋ ದಾಟಿದ ಮೇಷ್ಟ್ರು

ಪ್ಯಾರಾಚೂಟ್ ತರಬೇತಿ ಕೇಂದ್ರದ ಮಡಿಚುವ ಕೋಣೆಯ ಗೋಡೆಗೆ ಬೆಳಿಗ್ಗೆ ಬೆಳಿಗ್ಗೆಯೇ ಒಂದು ಚೀಟಿ ಅಂಟಿತ್ತು. ಪ್ಯಾರಾಚೂಟ್ ಮಡಿಚುವವರು ಇನ್ನು ಮುಂದೆ ವರ್ಷಕ್ಕೊಮ್ಮೆ ತಾವು ಮಡಿಚಿದ್ದನ್ನೇ ಕಟ್ಟಿಕೊಂಡು ವಿಮಾನದಿಂದ ಹಾರಬೇಕಂತೆ. ಮೊದಲ ಸರದಿ ಇಂದೇ, ಮಧ್ಯಾಹ್ನ ಮೂರಕ್ಕೆ. ಕೆಳಗೆ ಮೇಷ್ಟ್ರ ಹೆಸರಿತ್ತು.

ಅವರು ನಿಜವಾದ ಮೇಷ್ಟ್ರೇನಲ್ಲ. ಹನ್ನೆರಡು ವರ್ಷಗಳಿಂದ ಉದ್ದನೆಯ ಮೇಜಿನ ಮೇಲೆ ಬಟ್ಟೆ ಮಡಿಚುತ್ತಾ, ಹೆದರಿ ಬಂದ ಹೊಸಬರಿಗೆಲ್ಲ ಪಾಠ ಹೇಳಿ ಆ ಹೆಸರು ಗಳಿಸಿದ್ದರು. "ಭೂಮಿ ನಿಮ್ಮನ್ನ ಕೆಳಕ್ಕೆ ಎಳೆಯುತ್ತೆ, ಬಿಚ್ಚಿಕೊಂಡ ಬಟ್ಟೆನ ಗಾಳಿ ಮೇಲಕ್ಕೆ ತಳ್ಳುತ್ತೆ. ಎರಡೂ ಸಮ ಆದ್ಮೇಲೆ ವೇಗ ಏರೋದೇ ಇಲ್ಲ, ಒಂದೇ ಹದದಲ್ಲಿ ಇಳೀತೀರಿ. ಹೆದರೋಕೆ ಏನಿದೆ ಇದರಲ್ಲಿ?" ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಬಲ್ಬ್ ಬದಲಿಸಲು ಸ್ಟೂಲ್ ಹತ್ತುವವರು ಅವರ ಹೆಂಡತಿ. ಮೇಷ್ಟ್ರು ಸ್ಟೂಲ್ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದರು.

ಚೀಟಿ ಓದಿ ಅವರು ಹೋದ ವಾರ ಬಂದಿದ್ದ ದೊಡ್ಡ ಪ್ಯಾರಾಚೂಟಿನ ಚೀಲಕ್ಕೆ ಒರಗಿ ಕುಳಿತುಬಿಟ್ಟರು. ಅದನ್ನು ಮಡಿಚಲು ಎರಡರಷ್ಟು ಹೊತ್ತು ಹಿಡಿದಿತ್ತು. ಯಾರಿಗಾಗಿ ತರಿಸಿದ್ದೆಂದು ಅವರು ಕೇಳಿರಲಿಲ್ಲ, ಬೈದುಕೊಂಡೇ ಮಡಿಚಿಟ್ಟಿದ್ದರು.

ಹರಿದದ್ದನ್ನು ಹೊಲಿಯುವ ಅಕ್ಕನಿಗೆ ಅಯ್ಯೋ ಅನಿಸಿತು. "ಮೇಷ್ಟ್ರೇ, ನೂರು ಕಿಲೋ ದಾಟಿದೋರನ್ನ ಹಾರಿಸಲ್ಲ ಅಲ್ವಾ? ನೀವೇ ಹೇಳ್ತೀರಲ್ಲ, ಬಟ್ಟೆ ಅಷ್ಟೇ ಇದ್ದು ಭಾರ ಹೆಚ್ಚಾದ್ರೆ ರಭಸವಾಗಿ ಇಳಿದು ಕಾಲು ಮುರೀತದೆ ಅಂತ!"

ಮೇಷ್ಟ್ರು ಓಡಿಹೋಗಿ ತೂಕದ ಯಂತ್ರ ಹತ್ತಿದರು. ತೊಂಬತ್ತೇಳೂವರೆ.

"ಬರೀ ಎರಡೂವರೆ ಕಿಲೋ!" ಎಂದು ತಮ್ಮ ಬುತ್ತಿಯನ್ನೇ ಅಕ್ಕ ಮುಂದಿಟ್ಟರು. ಅದು ಮುಗಿದ ಮೇಲೆ ಒಂದು ಡಜನ್ ಬಾಳೆಹಣ್ಣು ಬಂತು. ಕಾವಲುಗಾರ ನೀರಿನ ಕೊಡ ಹೊತ್ತು ತಂದ. "ಕುಡೀರಿ ಸಾರ್. ಒಂದು ಲೀಟರಿಗೆ ಒಂದು ಕಿಲೋ, ಪಕ್ಕಾ ಲೆಕ್ಕ."

ಎರಡು ಗಂಟೆಗೆ ಹೊಸ ಸಂಕಟ ಶುರುವಾಯಿತು. ಮೇಷ್ಟ್ರು ಶೌಚಾಲಯದ ಕಡೆ ಹೆಜ್ಜೆ ಹಾಕಿದರೆ ಕಾವಲುಗಾರ ಬಾಗಿಲಿಗೆ ಅಡ್ಡ ನಿಂತ.

"ಒಳಗೆ ಹೋದ್ರೆ ಅರ್ಧ ಕಿಲೋ ಹೋಯ್ತು ಅಂತಲೇ ತಿಳ್ಕೊಳ್ಳಿ. ತಡ್ಕೊಳ್ಳಿ ಸಾರ್!"

"ಲೇ, ಪ್ರಾಣ ಹೋಗ್ತಿದೆ ಕಣೋ!"

"ವಿಮಾನದಿಂದ ಹಾರಿದ್ರೆ ಇನ್ನೂ ಬೇಗ ಹೋಗುತ್ತೆ."

ಮೇಷ್ಟ್ರು ಹಲ್ಲು ಕಚ್ಚಿ, ಕಾಲಿಗೆ ಕಾಲು ಹೆಣೆದು ಮೂರು ಗಂಟೆಯವರೆಗೆ ನಿಂತರು. ಮುಖ್ಯ ಅಧಿಕಾರಿ ಮೇಡಂ ಕೋಣೆಗೆ ಬಂದದ್ದೇ ತಡ, ತಾವಾಗಿಯೇ ಯಂತ್ರ ಹತ್ತಿದರು. ಮುಳ್ಳು ನೂರನ್ನು ದಾಟಿ ಒಂದು ಗೆರೆ ಆಚೆ ನಿಂತಿತು.

"ಛೇ, ನೂರು ದಾಟಿಬಿಟ್ಟಿದೆ ಮೇಡಂ. ನನಗೇನೋ ಹಾರೋ ಆಸೆ ಇತ್ತು, ಆದ್ರೆ ನಿಯಮ ನಿಯಮವೇ."

ಮೇಡಂ ಮುಖ ಅರಳಿತು. ತೂಕವನ್ನು ಪುಸ್ತಕದಲ್ಲಿ ಬರೆದುಕೊಂಡರು. "ಹಳೇ ಪ್ಯಾರಾಚೂಟ್‌ಗಳ ಹಗ್ಗ ಬದಲಿಸೋವರೆಗೆ ಅವುಗಳಲ್ಲಿ ಯಾವುದನ್ನೂ ಬಳಸಬೇಡಿ ಅಂತ ಈಗಷ್ಟೇ ಪತ್ರ ಬಂತು. ಇವತ್ತು ಹಾರೋದು ಬೇಡ ಅಂತ ಹೇಳೋಕೇ ಬಂದೆ. ಉಳಿದಿರೋದು ಈ ದೊಡ್ಡದು ಒಂದೇ. ನೂರು ದಾಟಿದೋರಿಗೆ ಅಂತಲೇ ತರಿಸಿದ್ದು. ಹಗುರ ಇರೋರು ಇದರಲ್ಲಿ ಬೇಗ ಇಳಿಯೋದೇ ಇಲ್ಲ, ಗಾಳಿ ಊರಾಚೆ ಹೊತ್ಕೊಂಡು ಹೋಗುತ್ತೆ. ನಮ್ಮಲ್ಲಿ ಅಷ್ಟು ತೂಕದೋರು ಯಾರೂ ಇಲ್ಲ ಅಂದ್ಕೊಂಡಿದ್ದೆ. ಮಡಿಚಿದ್ದೂ ನೀವೇ ತಾನೇ?"

ಮೇಷ್ಟ್ರು ಬಾಗಿಲ ಕಡೆ ಸರಿದರು. "ಮೇಡಂ, ಒಂದೇ ನಿಮಿಷ, ಶೌಚಾಲಯಕ್ಕೆ..."

"ಬೇಡ ಬೇಡ, ತೂಕ ಬರೆದಾಗಿದೆ. ಇಳಿದ ಮೇಲೆ ಹೋಗಿ."

ಬೆನ್ನಿಗೆ ಪಟ್ಟಿ ಬಿಗಿಯುತ್ತಾ ಅಕ್ಕ ಸಮಾಧಾನ ಹೇಳಿದರು. "ಎರಡೂ ಸಮ ಆದ್ಮೇಲೆ ಹೆದರೋಕೆ ಏನಿದೆ ಮೇಷ್ಟ್ರೇ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ವಿಮಾನದಿಂದ ಹಾರಿದರು. ಬಟ್ಟೆ ಬಿಚ್ಚಿಕೊಂಡಿತು, ಗಾಳಿ ತನ್ನ ಕೆಲಸ ಮಾಡಿತು. ಅವರು ಹೇಳುತ್ತಿದ್ದಂತೆಯೇ ಒಂದೇ ಹದದಲ್ಲಿ, ಆ ಹೊತ್ತಿಗೆ ಬೇಕಾದ್ದಕ್ಕಿಂತ ಬಹಳ ನಿಧಾನವಾಗಿ ಇಳಿದರು. ನೆಲ ಸಿಕ್ಕಿದ್ದೇ ಪ್ಯಾರಾಚೂಟನ್ನು ಕಳಚಿಹಾಕಿ ಶೌಚಾಲಯದತ್ತ ಓಡಿದರು.

ಹೊರಗೆ ಬಂದಾಗ ಮೇಡಂ ಬಾಗಿಲಲ್ಲೇ ನಿಂತಿದ್ದರು. "ಭೇಷ್! ಇನ್ನೂ ಹನ್ನೊಂದು ದೊಡ್ಡ ಪ್ಯಾರಾಚೂಟ್ ಬರುತ್ತೆ. ಪ್ರತಿ ತಿಂಗಳೂ ಒಂದೊಂದನ್ನ ನೀವೇ ಪರೀಕ್ಷೆ ಮಾಡಿ. ತೂಕ ಮಾತ್ರ ಇಳಿಸಬೇಡಿ."

ಅವರ ಹಿಂದೆ ಅಕ್ಕ ಇನ್ನೊಂದು ಡಜನ್ ಬಾಳೆಹಣ್ಣು ಹಿಡಿದು ನಿಂತಿದ್ದರು.