ಅತ್ತೆಯ ಸಂಡಿಗೆ, ನನ್ನ ಗ್ಯಾರಂಟಿ

ಆಕಾಶದ ಬಗ್ಗೆ ಖಡಾಖಂಡಿತವಾಗಿ ಮಾತಾಡುವವರನ್ನು ನಂಬಬೇಡಿ. ಇದನ್ನು ಹೇಳುವ ಅರ್ಹತೆ ನನಗೆ ಧಾರಾಳವಾಗಿದೆ, ಏಕೆಂದರೆ ಈಚಿನವರೆಗೂ ಅಂಥವರ ಸಾಲಿನಲ್ಲಿ ನಾನೇ ಮೊದಲಿಗ. ನಾವಿರುವ ಬೇ ಏರಿಯಾದಲ್ಲಿ ಬೇಸಿಗೆ ಕಾಲಿಟ್ಟಿತೆಂದರೆ ಮುಗಿಯಿತು, ದೀಪಾವಳಿಯ ಆಸುಪಾಸಿನವರೆಗೆ ಒಂದು ಹನಿ ಬೀಳುವುದಿಲ್ಲ. ಗುಡ್ಡಗಳೆಲ್ಲ ಒಣಗಿ ಹುರಿದ ರವೆಯ ಬಣ್ಣಕ್ಕೆ ತಿರುಗುತ್ತವೆ. ಕೊನೆಗೊಂದು ದಿನ ನಾಲ್ಕು ಹನಿ ಬಿತ್ತೆನ್ನಿ, ಫ್ರೀವೇ ಮೇಲೆ ಕಾರುಗಳು ಗಾಬರಿಬಿದ್ದು ತೆವಳುತ್ತವೆ. ವಾಲ್ನಟ್ ಕ್ರೀಕಿನ ಗೆಳೆಯನೊಬ್ಬ ಒದ್ದೆಯಾದ ತನ್ನ ಅಂಗಳದ ಫೋಟೋ ವಾಟ್ಸಾಪಿಗೆ ಹಾಕುತ್ತಾನೆ. ನಾವೆಲ್ಲ ಅವನ ಮನೆಯಲ್ಲಿ ಮಗು ಹುಟ್ಟಿದಂತೆ ಅಭಿನಂದಿಸುತ್ತೇವೆ. ಇಂಥ ಊರಿನಲ್ಲಿ ಹವಾಮಾನ ತಜ್ಞನಾಗಲು ಬುದ್ಧಿ ಬೇಕಿಲ್ಲ. "ಇವತ್ತು ಮಳೆ ಬರಲ್ಲ" ಎಂದು ದಿನಾ ಹೇಳುತ್ತಿದ್ದರೆ ಸಾಕು. ನಾನು ಹೇಳುತ್ತಿದ್ದೆ.

ನೀರಿಗೆ ಇಷ್ಟು ತತ್ವಾರವಾದ್ದರಿಂದ ಬಿಸಿಲು ಹೊತ್ತಿನಲ್ಲಿ ಹುಲ್ಲಿಗೆ ನೀರು ಬಿಡಬಾರದೆಂದು ಇಲ್ಲಿ ಕಟ್ಟುನಿಟ್ಟು. ಹಾಗಾಗಿ ಲಾಸ್ ಆಲ್ಟೋಸಿನ ನಮ್ಮ ಬಾಡಿಗೆ ಮನೆಯ ಹಿತ್ತಲಿನ ಸ್ಪ್ರಿಂಕ್ಲರು ವಾರಕ್ಕೆರಡು ಸಲ, ಬೆಳಗಿನ ಜಾವ ನಾಲ್ಕಕ್ಕೆ ತಾನೇ ಶುರುವಾಗುವಂತೆ ನಾನು ಟೈಮು ಇಟ್ಟಿದ್ದೆ. ಆದರೆ ಬೆಳಿಗ್ಗೆ ಎದ್ದು ಬರಿಗಾಲಲ್ಲಿ ನಿಂತರೆ ಹುಲ್ಲು ಒಣ ಒಣ. "ನೋಡೇ, ಎಂಥ ದಾಹ ಈ ಮಣ್ಣಿಗೆ! ಬಿಟ್ಟ ನೀರೆಲ್ಲ ಆಗಲೇ ಮಾಯ" ಎಂದು ಹೆಂಡತಿ ವೀಣಾಳಿಗೆ ಉಪನ್ಯಾಸ ಕೊಡುತ್ತಿದ್ದೆ. ವೀಣಾ ಡಾಕ್ಟರು, ರೋಗಿಯ ಮಾತನ್ನು ಪೂರ್ತಿ ನಂಬುವ ಅಭ್ಯಾಸವಿಲ್ಲ. "ಒಂದ್ಸಲ ಆ ಮಿಷನ್ನು ಸರಿಯಾಗಿ ನೋಡ್ಬಾರ್ದೇನ್ರೀ?" ಅಂದಳು. "ಇಲ್ಲಿ ಇಂಜಿನಿಯರು ನಾನೋ ನೀನೋ?" ಎಂದು ನಾನು ಆ ವಿಷಯ ಅಲ್ಲಿಗೇ ಮುಗಿಸಿದೆ.

ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಅಳಿಯನೊಂದಿಗೆ ನೇರವಾಗಿ ಮಾತಾಡಲು ಸಂಕೋಚ. ನಾನು ಎದುರಿಗೇ ನಿಂತಿದ್ದರೂ "ಅವರಿಗೆ ಇನ್ನೊಂದ್ಲೋಟ ಕಾಫಿ ಬೇಕಾ ಕೇಳೇ" ಎಂದು ಮಗಳ ಮೂಲಕವೇ ವ್ಯವಹಾರ. ಮದುವೆಯಾಗಿ ಇಷ್ಟು ವರ್ಷವಾದರೂ ನಾನಿನ್ನೂ ಆ ಮನೆಯ ನೆಂಟನೇ ಎಂದು ಒಳಗೊಳಗೇ ಬೇಜಾರಿತ್ತು. ಹೀಗಿರುವಾಗ, ವಾಪಸು ಹೊರಡಲು ಕೆಲವೇ ದಿನ ಉಳಿದಿದ್ದಾಗ, ಅತ್ತೆ ತಾವಾಗಿ ನನ್ನ ಬಳಿ ಬಂದು ಕೇಳಿದರು: "ಅಳಿಯಂದ್ರೇ, ಪುಟ್ಟಿಗೆ ಒಂದು ಡಬ್ಬ ಅಕ್ಕಿ ಸಂಡಿಗೆ ಮಾಡಿಟ್ಟು ಹೋಗೋಣ ಅಂತ. ನಾಳೆ ಮಳೆ ಗಿಳೆ ಬರಲ್ವಷ್ಟೆ?"

ನನಗೆ ಸ್ವರ್ಗ ಮೂರೇ ಗೇಣು! "ಮಳೆನಾ? ಅದೂ ಇಲ್ಲಾ? ಅತ್ತೆ, ನೀವು ನಿಶ್ಚಿಂತೆಯಿಂದ ಇಡಿ. ಒಂದು ಹನಿ ಬಿದ್ರೆ ನನ್ನ ಹೆಸರು ಬದಲಾಯಿಸಿ" ಅಂದೆ. ಅಷ್ಟಕ್ಕೇ ಸುಮ್ಮನಿರದೆ, ಮೆನ್ಲೋ ಪಾರ್ಕಿನ ಆಫೀಸಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ತಿಳಿಸಿ, ಒಳ್ಳೇ ಬಿಸಿಲು ಬೀಳುವುದು ಅಲ್ಲೇ ಎಂದು ಹುಲ್ಲಿನ ನಟ್ಟನಡುವೆ ನನ್ನ ಬಿಳಿ ಪಂಚೆಯನ್ನೇ ಹಾಸಿಕೊಟ್ಟೆ. ಅತ್ತೆ ಬೆಳಗಾಗೆದ್ದು ಹಿಟ್ಟು ತೊಳಸಿ, ಸೊಂಟ ಹಿಡಿದುಕೊಂಡು ಪಂಚೆಯ ತುಂಬ ಸಂಡಿಗೆ ಒತ್ತಿದರು.

ಮಧ್ಯಾಹ್ನ ಮಗಳು ಪುಟ್ಟಿಯನ್ನು ಶಾಲೆಯಿಂದ ನಾನೇ ಕರೆತಂದು, ಮತ್ತೆ ಮೀಟಿಂಗಿಗೆ ಕೂತಿದ್ದೆ. ಇದ್ದಕ್ಕಿದ್ದಂತೆ ಅವಳ ಕೂಗು: "ಅಪ್ಪಾ, ಇಟ್ಸ್ ರೇನಿಂಗ್ ಆನ್ ಅಜ್ಜೀಸ್ ಸಂಡಿಗೆ!"

ನಾನು ತಲೆ ಕೂಡ ಎತ್ತಲಿಲ್ಲ. "ಸಾಧ್ಯವೇ ಇಲ್ಲ ಪುಟ್ಟಿ" ಅಂದೆ.

ಆಮೇಲೆ ಕಿಟಕಿಯತ್ತ ನೋಡಿದರೆ, ಅಯ್ಯೋ ದೇವರೇ! ಮೇಲೆ ಮೋಡದ ಚೂರೂ ಇಲ್ಲದ ನೀಲಿ ಆಕಾಶ, ಕೆಳಗೆ ನಾಲ್ಕೂ ಮೂಲೆಯಿಂದ ಸಂಡಿಗೆಗೆ ಅಭಿಷೇಕ. ಓಡಿದೆ. ಒಂದು ಸ್ಪ್ರಿಂಕ್ಲರನ್ನು ಅಂಗೈಯಿಂದ ಅದುಮಿ ಹಿಡಿದರೆ ಇನ್ನೊಂದು ಮುಖಕ್ಕೆ ಹೊಡೆಯಿತು. ಅದರತ್ತ ತಿರುಗುವಾಗ ಕಾಲು ಸೀದಾ ಪಂಚೆಯ ಮೇಲೆ. ಅತ್ತೆ ತಲೆಗೆ ಸೆರಗು ಹೊದ್ದು ಬಂದು ಪಂಚೆಯನ್ನು ನಾಲ್ಕು ಚುಂಗು ಹಿಡಿದು ಎತ್ತುವಷ್ಟರಲ್ಲಿ ಅದರೊಳಗೆ ಉಳಿದಿದ್ದು ಗಂಜಿ. ಮಿಷನ್ನು ತೆರೆದು ನೋಡಿದೆ. ನಾನು ಇಟ್ಟಿದ್ದ ನಾಲ್ಕು ಗಂಟೆ ಬೆಳಗಿನದಲ್ಲ, ಸಂಜೆಯದು! ಆ ಹೊತ್ತಿಗೆ ದಿನವೂ ನಾವಿಬ್ಬರೂ ಕೆಲಸದಲ್ಲಿ, ಅಜ್ಜಿ ಮೊಮ್ಮಗಳು ಪಾರ್ಕಿನಲ್ಲಿ, ಕಂಡವರೇ ಇಲ್ಲ. ಬೇಸಿಗೆಯಿಡೀ ನಿಯಮ ಮುರಿದು ಸುಡುಬಿಸಿಲಲ್ಲಿ ನೀರು ಚೆಲ್ಲಿ, ಬೆಳಿಗ್ಗೆ ಮಣ್ಣಿನ ದಾಹದ ಬಗ್ಗೆ ಭಾಷಣ ಬಿಗಿದಿದ್ದೆ. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ.

ಅತ್ತೆ ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನನ್ನು. "ಹೋಗ್ಲಿ ಬಿಡಿ. ಮಳೆ ಬರಲ್ಲ ಅಂದ್ರಿ, ಬರ್ಲಿಲ್ಲ. ನೀವೇ ತರ್ಸಿದ್ರಿ, ಅಷ್ಟೆ" ಅಂದರು. ಸಂಜೆ ಆಸ್ಪತ್ರೆಯಿಂದ ಬಂದ ವೀಣಾ, ಹಗ್ಗದ ಮೇಲೆ ನೀರು ತೊಟ್ಟಿಕ್ಕುತ್ತಿದ್ದ ಪಂಚೆಯನ್ನು ನೋಡಿ, "ಇಲ್ಲಿ ಇಂಜಿನಿಯರು ಯಾರು ಅಂದ್ರಿ?" ಎಂದು ಬಹಳ ಮೆತ್ತಗೆ ಕೇಳಿದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮತ್ತೆ ಹಿಟ್ಟು ಬೇಯುವ, ಇಂಗಿನ ವಾಸನೆ. ಮಿಷನ್ನನ್ನು ನಾನು ಬಂದ್ ಮಾಡಿದ್ದೆ, ನಲ್ಲಿಯನ್ನೂ ತಿರುಗಿಸಿ ಮುಚ್ಚಿದ್ದೆ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

"ಅಳಿಯಂದ್ರೇ, ಇವತ್ತು ಹೇಗೆ? ಮಳೆ ಬರುತ್ತಾ?" ಎಂದು ಅತ್ತೆ ನನ್ನನ್ನೇ ಕೇಳಿದರು.

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಗೊತ್ತಿಲ್ಲ ಅತ್ತೆ" ಅಂದೆ.

"ಹಾಗಾದ್ರೆ ಧೈರ್ಯವಾಗಿ ಇಡಬಹುದು. ಬನ್ನಿ" ಎನ್ನುತ್ತ ಸಂಡಿಗೆ ಒತ್ತುವ ಒರಳನ್ನು ನನ್ನ ಕೈಗೇ ಕೊಟ್ಟರು.